ಝೀನಾ, ಗೇಬ್ರಿಯೆಲ್ ಬರೀ ಗೆಳತಿಯರಾ?

ನನಗೆ ‘ಝೀನಾ: ವಾರಿಯರ್ ಪ್ರಿನ್ಸೆಸ್’ ಅನ್ನುವ ಇಂಗ್ಲಿಷ್ ಟಿವಿ ಸೀರಿಯಲ್ಲಿನ ಹುಚ್ಚು ಅಂತ ಗೊತ್ತಾದವರೆಲ್ಲ ಕೊನೆಗೆ ಕೇಳುವುದು ಇದೊಂದನ್ನೇ. ಮೊನ್ನೆ ಧಾರವಾಡದ ಸಪ್ತಾಪುರದಲ್ಲಿ ಗಿರಮಿಟ್ ತಿನ್ನುವಾಗ ತಂಗಿಯ ಗೆಳತಿಯೂ ಕೇಳಿದಳು: “ಅವರಿಬ್ಬರು ಬರೀ ಗೆಳತಿಯರೋ, ಇಲ್ಲಾ... ಅದೋ?” ‘ಅದು’ ಅನ್ನುವಾಗ ಎಲ್ಲರ ದನಿಯೂ ಇಳಿಯುತ್ತದೆ.

ಅದೇ, ಅಂದೆ.

ನೋಡದವರಿಗೆ ಹೇಳಿಬಿಡುತ್ತೇನೆ. 1995ರಿಂದ 2001ರವರೆಗೆ ಆರು ಸೀಸನ್ ಬಂತು. ಕಥೆ ಹಳೇ ಗ್ರೀಸಿನದು, ಶೂಟಿಂಗ್ ನ್ಯೂಜಿಲೆಂಡಿನದು. ಝೀನಾ (ಲೂಸಿ ಲಾಲೆಸ್) ಒಂದು ಕಾಲಕ್ಕೆ ಊರೂರು ಸುಟ್ಟವಳು, ಈಗ ಪಾಪ ತೊಳೆದುಕೊಳ್ಳಲು ಹೊರಟವಳು. ಗೇಬ್ರಿಯೆಲ್ (ರೆನೀ ಓಕಾನರ್) ಮನೆಯವರು ಗೊತ್ತು ಮಾಡಿದ ಹುಡುಗ ಬೇಡ ಅಂತ ಹಳ್ಳಿ ಬಿಟ್ಟು ಅವಳ ಬೆನ್ನು ಹತ್ತಿದವಳು. ಮುಂದೆ ಅದೇ ಪರ್ಡಿಕಸ್‌ನನ್ನು ಮದುವೆಯೂ ಆದಳಲ್ಲ ಅಂತಾರೆ. ಆದಳು. ಮದುವೆಯಾದ ಎಪಿಸೋಡಿನಲ್ಲೇ ಅವನು ಸತ್ತ!

“ಬಾಯಿಬಿಟ್ಟು ಎಲ್ಲೂ ಹೇಳಿಲ್ಲವಲ್ಲ?” ನಿಜ. ಆದರೆ ಎರಡನೇ ಸೀಸನ್ನಿನ ‘ದಿ ಕ್ವೆಸ್ಟ್’ ನೋಡಿ. ಝೀನಾ ಸತ್ತಿದ್ದಾಳೆ. ಅವಳ ಆತ್ಮ ಆಟೋಲಿಕಸ್ ಅನ್ನುವ ಕಳ್ಳನ ಮೈ ಹೊಕ್ಕಿದೆ. ಗೇಬ್ರಿಯೆಲ್ ಕಣ್ಣು ಮುಚ್ಚಿದರೆ ಝೀನಾ ಕಾಣುತ್ತಾಳೆ. ಮುಖಗಳು ಹತ್ತಿರ ಬರುತ್ತವೆ. ಇನ್ನೇನು ತುಟಿ ತಾಗಬೇಕು, ಚಿತ್ರ ಬದಲಾಗುತ್ತದೆ. ಮುತ್ತು ಕೊಡುತ್ತಿರುವುದು ಮೀಸೆಯ ಆಟೋಲಿಕಸ್. ಕಣ್ಣಿಗೆ ಗಂಡು-ಹೆಣ್ಣು, ಕಥೆಗೆ ಇಬ್ಬರು ಹೆಣ್ಣುಗಳು. ಅಲ್ಲಿ ಏನೂ ಇಲ್ಲದಿದ್ದರೆ ಇಷ್ಟು ಕಸರತ್ತು ಯಾಕೆ? ನೆಪ ಹುಡುಕುವುದು ಬಚ್ಚಿಡೋಕೆ ಏನಾದರೂ ಇದ್ದಾಗ ಅಲ್ವಾ?

ಕೊನೆಯ ಕಥೆಯಲ್ಲೂ ನೆಪವೇ. ಜಪಾನಿನಲ್ಲಿ ಗೇಬ್ರಿಯೆಲ್ ಬಾಯಿಂದ ಬಾಯಿಗೆ ಝೀನಾಗೆ ನೀರು ಕುಡಿಸುತ್ತಾಳೆ. ಹೆಸರಿಗೆ ಅದು ಶಕ್ತಿ ಕೊಡುವ ನೀರು. ಆ ನೀರನ್ನು ನೋಡಿದ ಮೇಲೆ ತನಗೂ ಅನುಮಾನ ಉಳಿಯಲಿಲ್ಲ, ಅವರಿಬ್ಬರದು ಮದುವೆಯೇ, ಅಂತ 2003ರಲ್ಲಿ ಲೂಸಿ ಲಾಲೆಸ್ಸೇ ಹೇಳಿದರು. (ಝೀನಾಳನ್ನು ಕೊಂದೇ ಕಥೆ ಮುಗಿಸಿದ್ದಕ್ಕೆ ನನಗೆ ಇನ್ನೂ ಸಿಟ್ಟಿದೆ. ಅದು ಬೇರೆ ಮಾತು.)

‘ಬರೀ ಗೆಳತಿ’ ಅನ್ನುವ ಮಾತನ್ನು ಧಾರವಾಡದವರು ಆಡಿದರೆ ನಗು ಬರುತ್ತದೆ. ಸಾಧನಕೇರಿಯ ಬೇಂದ್ರೆ ಅಜ್ಜ ತಮ್ಮ ಸಂಸಾರದ ಸುಖದುಃಖ ಹೇಳಿಕೊಂಡ ಕಾವ್ಯಕ್ಕೆ ಇಟ್ಟ ಹೆಸರು ‘ಸಖೀಗೀತ’. ಕೈಹಿಡಿದ ಹೆಂಡತಿಯೇ ಅಲ್ಲಿ ಸಖಿ. ನಮ್ಮ ಈ ಪದದೊಳಗೆ ಗೆಳತಿಯೂ ಇದ್ದಾಳೆ, ಅವಳೂ ಇದ್ದಾಳೆ.

‘ಗೆಳತಿ’ ಅನ್ನುವ ಆ ಮರೆ ನಮಗೂ ಒದಗಿತ್ತು. ನಾನಿದ್ದ ಹಾಸ್ಟೆಲ್ಲಿನಲ್ಲಿ ಸಿನಿಮಾ ಹಾಡಿಗೆ ಹೀರೋ-ಹೀರೋಯಿನ್ ತಬ್ಬಿಕೊಂಡರೆ ವಾರ್ಡನ್ ಎದ್ದು ಬಂದು ಟಿವಿ ಆರಿಸುತ್ತಿದ್ದರು. ಝೀನಾ ಬಂದರೆ ಮಾತ್ರ ತಕರಾರಿಲ್ಲ. “ಹುಡುಗ್ಯಾರೇ ಅದಾರಲ್ಲ, ನೋಡ್ರಿ.” ಆಮೇಲಾಮೇಲೆ ತಾವೂ ಕುರ್ಚಿ ಎಳೆದುಕೊಂಡು ಕೂರತೊಡಗಿದರು. ಗೇಬ್ರಿಯೆಲ್‌ಗೆ ಏನಾದರೂ ಆಗಿ ಝೀನಾ ಕೂಗಿಕೊಂಡರೆ ನಮಗಿಂತ ಮೊದಲು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದವರು ಅವರೇ.