ಮೊದಲ ವಿಮಾನ ಹುಡುಕುತ್ತಾ ಪ್ಯಾರಿಸ್‌ನಲ್ಲಿ

ಮೊದಲು ವಿಮಾನ ಹಾರಿಸಿದವರು ರೈಟ್ ಸಹೋದರರು ಅಂತ ಬರೆದು ನಾವೆಲ್ಲ ಮಾರ್ಕ್ಸ್ ತಗೊಂಡವರು. ಬ್ರೆಜಿಲ್‌ನವರನ್ನು ಕೇಳಿದರೆ ಸಾಂತೋಸ್ ದುಮೋಂ ಅಂತಾರೆ. ಫ್ರಾನ್ಸ್‌ನಲ್ಲಿ ಕ್ಲೆಮಾಂ ಅದೇರ್ ಹೆಸರು ಹೇಳುವವರೂ ಇದ್ದಾರೆ. ಈ ಇಬ್ಬರ ಕುರುಹೂ ಪ್ಯಾರಿಸ್‌ನಲ್ಲೇ ಇದೆ. ಅಲ್ಲಿ ಓದುತ್ತಿರುವ ಅಕ್ಕನ ಮಗಳನ್ನು ನೋಡಲು ಹೋದಾಗ ಐಫೆಲ್ ಟವರ್‌ನ ಕ್ಯೂ ಬಿಟ್ಟು ಇವನ್ನು ಹುಡುಕಿಕೊಂಡು ಹೊರಟೆ.

ಬೆಳಿಗ್ಗೆ ಹೋಗಿದ್ದು ಊರಿನ ಪಶ್ಚಿಮಕ್ಕಿರುವ ಬಗಾತೆಲ್‌ಗೆ. ಪೋಲೋ ಮೈದಾನದ ಪಕ್ಕ ಒಂದು ಸ್ಮಾರಕದ ಕಲ್ಲಿದೆ. ಸಾಂತೋಸ್ ದುಮೋಂ 1906ರ ನವೆಂಬರ್ 12ರಂದು ಇಲ್ಲಿ 220 ಮೀಟರ್ ಹಾರಿದರು. ಅದಕ್ಕೂ ಮುಂಚೆ, ಅಕ್ಟೋಬರ್ 23ರಂದು, ಸುಮಾರು 60 ಮೀಟರ್. ಅವರ '14-ಬಿಸ್' ವಿಮಾನದ ರೂಪವೇ ವಿಚಿತ್ರ. ಬಾಲ ಇರಬೇಕಾದ ಭಾಗ ಮುಂದಕ್ಕೆ ಚಾಚಿತ್ತು. ಬಲೂನಿನ ಬೆತ್ತದ ಬುಟ್ಟಿಯಲ್ಲಿ ನಿಂತುಕೊಂಡೇ ಅವರು ಅದನ್ನು ಹಾರಿಸಿದರು, ಅದೂ ಜನರೆಲ್ಲ ನೋಡುತ್ತಿರುವಾಗ!

ಬ್ರೆಜಿಲ್‌ನವರ ವಾದ ಸುಮ್ನೆ ಹಟವಲ್ಲ. 14-ಬಿಸ್ ತನ್ನದೇ ಚಕ್ರದ ಮೇಲೆ ಓಡಿ ಮೇಲೆದ್ದಿತು. ರೈಟ್‌ಗಳು 1903ರಲ್ಲಿ ಹಾರಿಸಿದ 'ಫ್ಲೈಯರ್' ವಿಮಾನಕ್ಕೆ ಚಕ್ರವೇ ಇರಲಿಲ್ಲ, ಹಳಿಯ ಮೇಲೆ ಜಾರಿ ಏರಬೇಕಿತ್ತು. ಆದರೆ ಕವಣೆಯಂತೆ ಎಸೆದದ್ದರಿಂದಲೇ ಅದು ಹಾರಿತು ಅನ್ನುವ ಮಾತು 1903ಕ್ಕೆ ಹೊಂದುವುದಿಲ್ಲ. ಭಾರ ಬೀಳಿಸಿ ವಿಮಾನವನ್ನು ಎಳೆಯುವ ಏರ್ಪಾಡು ಬಂದಿದ್ದು 1904ರಲ್ಲಿ. ಫ್ಲೈಯರ್ ಮೊದಲು ಹಾರಿದ 1903ರ ಡಿಸೆಂಬರ್ 17ರ ಬೆಳಿಗ್ಗೆ ಇದ್ದದ್ದು 12 ಅಶ್ವಶಕ್ತಿಯ ಎಂಜಿನ್ ಮತ್ತು ಜೋರಾದ ಎದುರುಗಾಳಿ. ಮೊದಲ ಹಾರಾಟ 12 ಸೆಕೆಂಡ್, 36 ಮೀಟರ್. ನಾಲ್ಕನೆಯದು 59 ಸೆಕೆಂಡ್, 260 ಮೀಟರ್. ನೋಡಿದವರು ಬರೀ ಐದು ಜನ. 1905ರ ಅಕ್ಟೋಬರ್‌ನಲ್ಲಿ ಅಣ್ಣ ವಿಲ್ಬರ್ ಅಮೆರಿಕದ ಡೇಟನ್ ಹತ್ತಿರ ಸುತ್ತು ಹಾಕುತ್ತಾ 39 ಕಿಲೋಮೀಟರ್ ಹಾರಿದ್ದರು. ಹೊರಗೆ ತೋರಿಸದೆ ಇಟ್ಟುಕೊಂಡಿದ್ದರಿಂದ ಪ್ಯಾರಿಸ್‌ನಲ್ಲಿ ತುಂಬಾ ಜನ ನಂಬಲಿಲ್ಲ.

ಮಧ್ಯಾಹ್ನ ಆರ್ ಎ ಮೆತ್ಯೇ ಮ್ಯೂಸಿಯಂ. ದೊಡ್ಡ ಮೆಟ್ಟಿಲಿನ ಮೇಲೆ ಅದೇರ್ ಅವರ 'ಅವಿಯೋಂ 3' ನೇತಾಡುತ್ತಿದೆ. ಕತ್ತೆತ್ತಿದರೆ ಸಾಕ್ಷಾತ್ ಬಾವಲಿ! ರೆಕ್ಕೆಗಳು ಮಡಚಿಡುವಂಥವು, ಸಣ್ಣ ಕಡ್ಡಿಗಳ ಮೇಲೆ ಬಟ್ಟೆ ಬಿಗಿದಿದ್ದಾರೆ. ಮುಂದಿರುವ ಎರಡು ಪ್ರೊಪೆಲರ್‌ಗಳ ಅಲಗುಗಳನ್ನೂ ಹಕ್ಕಿಯ ಗರಿಯ ಹಾಗೆ ಮಾಡಿದ್ದಾರೆ. ಓಡಿಸಲು ಉಗಿಯಂತ್ರಗಳು. ಇಷ್ಟು ಚೆಂದದ ಯಂತ್ರ ನಾನು ನೋಡಿಲ್ಲ. ಆದರೆ 1897ರ ಅಕ್ಟೋಬರ್ 14ರಂದು ಸಾತೋರಿಯ ಸೇನಾ ಮೈದಾನದಲ್ಲಿ ಪರೀಕ್ಷೆ ನಡೆದಾಗ ಗಾಳಿ ಇದನ್ನು ಪಕ್ಕಕ್ಕೆ ತಳ್ಳಿ ಕೆಡವಿತು. 300 ಮೀಟರ್ ಹಾರಿತ್ತು ಅಂತ ಅದೇರ್ ಆಮೇಲೆ ಹೇಳಿದರು. 1910ರಲ್ಲಿ ಹೊರಬಂದ ಸೇನೆಯ ವರದಿ ಇದನ್ನು ಒಪ್ಪಲಿಲ್ಲ. ಅವರ ಹಿಂದಿನ 'ಏಓಲ್' 1890ರಲ್ಲಿ ನೆಲದಿಂದ ಒಂದು ಗೇಣು ಮೇಲೆ ಸುಮಾರು 50 ಮೀಟರ್ ಹೋಯಿತು ಅನ್ನುತ್ತಾರೆ. ಅದನ್ನು ಹಾರಾಟ ಅನ್ನಲು ನನಗೆ ಮನಸ್ಸು ಒಪ್ಪಲ್ಲ. ನೆಗೆತ ಅನ್ನಬಹುದು.

"ಚಿಕ್ಕಮ್ಮ, ಮುಂಬೈನಲ್ಲಿ ನಮ್ಮವರೇ ಮೊದಲು ಹಾರಿಸಿದ್ದು ಅಂತಾರಲ್ಲ?" ಅಂದಳು ಹುಡುಗಿ. 1895ರಲ್ಲಿ ಮುಂಬೈನ ತಳಪದೆ ಅನ್ನುವವರು ವಿಮಾನ ಹಾರಿಸಿದರು ಅನ್ನುವ ಕಥೆ ಅದು. ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಜೊತೆಗೆ ಹೇಳುವ, ಪ್ರಾಚೀನ ವಿಮಾನಗಳ ಗ್ರಂಥ ಎನ್ನುವ 'ವೈಮಾನಿಕ ಶಾಸ್ತ್ರ' ನಮ್ಮ ಆನೇಕಲ್‌ನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂಜಿನಿಯರ್‌ಗಳೇ 1974ರಲ್ಲಿ ಪರಿಶೀಲಿಸಿ, ಅದರಲ್ಲಿರುವ ವಿಮಾನಗಳು ಹಾರಲಾರವು ಎಂದರು. ನಮ್ಮವರದ್ದು ಅಂತ ಅಳತೆಗೋಲು ಬದಲಿಸಬಾರದು ಅಲ್ವಾ?

ಮ್ಯೂಸಿಯಂನ ಹಳೇ ಚರ್ಚಿನಲ್ಲಿ ಲೂಯಿ ಬ್ಲೇರಿಯೋ 1909ರ ಜುಲೈ 25ರಂದು ಇಂಗ್ಲಿಷ್ ಕಾಲುವೆ ದಾಟಿದ ವಿಮಾನವೇ ಇದೆ. ನಾನು ಜಾಸ್ತಿ ಹೊತ್ತು ನಿಂತಿದ್ದು ಅದರ ಕೆಳಗೆ. ರೆಕ್ಕೆಯಿಂದ ಕೆಳಗಿಳಿದ ತಂತಿಗಳು ಕಾಣಿಸುತ್ತವೆ. ಅವನ್ನು ಎಳೆದರೆ ರೆಕ್ಕೆಯ ತುದಿ ತಿರುಚಿಕೊಂಡು ವಿಮಾನ ಒಂದು ಪಕ್ಕಕ್ಕೆ ವಾಲುತ್ತದೆ. ರೈಟ್‌ಗಳು ಪೇಟೆಂಟ್ ಮಾಡಿಸಿದ್ದು ಈ ಉಪಾಯವನ್ನೇ. 1908ರ ಆಗಸ್ಟ್ 8ರಂದು ವಿಲ್ಬರ್ ಲೆ ಮಾನ್ಸ್ ಹತ್ತಿರ ವಿಮಾನವನ್ನು ಸಲೀಸಾಗಿ ವಾಲಿಸಿ ತಿರುಗಿಸಿದಾಗ ನೋಡುತ್ತಿದ್ದವರಲ್ಲಿ ಬ್ಲೇರಿಯೋ ಕೂಡ ಇದ್ದರು. ಮೇಲೇರಿದವರು ಬೇರೆಯವರೂ ಇದ್ದಿರಬಹುದು. ಗಾಳಿಯಲ್ಲಿ ವಿಮಾನವನ್ನು ಹಿಡಿತದಲ್ಲಿಟ್ಟುಕೊಳ್ಳುವುದು ಹೇಗೆಂದು ಮೊದಲು ಕಂಡುಕೊಂಡವರು ರೈಟ್ ಸಹೋದರರೇ. ನನ್ನ ಮತ ಅವರಿಗೇ.