ಕೈಗೆ ಸಿಗದ ಬೆಲ್

"ಬೆಲ್ ಒತ್ತಲಿಲ್ವಾ ದೊಡ್ಡಮ್ಮ?"

"ಒತ್ತೋಕೆ ಅದು ಕೈಗೆ ಸಿಗ್ಬೇಕಲ್ಲೋ."

ಬಗ್ಗಿ ನೋಡಿದೆ. ಬೆಲ್ಲಿನ ವೈರು ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಬಿದ್ದಿತ್ತು. ಮೇಲೆ ಧೂಳು ಬೇರೆ. ಹೊದಿಕೆ ಸರಿಸಿದರೆ ಹಿಮ್ಮಡಿಯಲ್ಲಿ ನಾಣ್ಯದಷ್ಟು ಅಗಲದ ಕಪ್ಪುಗೆಂಪು ಗಾಯ. ಅಲುಗಾಡಲಾಗದವರನ್ನು ಗಂಟೆಗಟ್ಟಲೆ ಹಾಗೇ ಬಿಟ್ಟರೆ ಆಗುವ ಹಾಸಿಗೆ ಹುಣ್ಣು.

ದೊಡ್ಡಮ್ಮ ನಲವತ್ತು ವರ್ಷದಿಂದ ಅಮೆರಿಕದಲ್ಲೇ ಇದ್ದಾರೆ, ಇಲಿನಾಯ್ ರಾಜ್ಯದಲ್ಲಿ. ಸೊಂಟ ಮುರಿದು ಆಪರೇಷನ್ ಆದ ಮೇಲೆ ಆಸ್ಪತ್ರೆಯವರು ನರ್ಸಿಂಗ್ ಹೋಮಿಗೆ ಕಳಿಸಿದರು. ನಮ್ಮ ಕಡೆ ನರ್ಸಿಂಗ್ ಹೋಮ್ ಅಂದರೆ ಸಣ್ಣ ಆಸ್ಪತ್ರೆ, ಅಲ್ವಾ? ಇಲ್ಲಿ ಅದು ಆರೈಕೆಯ ಮನೆ. ಕೆಲವರು ಚೇತರಿಸಿಕೊಂಡು ಹೊರಡುತ್ತಾರೆ, ಇನ್ನು ಕೆಲವರು ಕೊನೆಯವರೆಗೂ ಅಲ್ಲೇ ಇರುತ್ತಾರೆ.

ನಾನು ಕೂಗಾಡಲು ಎದ್ದೆ. ದೊಡ್ಡಮ್ಮ ಕೈ ಹಿಡಿದುಕೊಂಡರು. "ಸುಮ್ನಿರೋ. ನೀನು ಜಗಳ ಆಡಿ ಮನೆಗೆ ಹೋಗ್ತೀಯ. ರಾತ್ರಿ ನನ್ನ ಮಗ್ಗುಲು ಬದಲಿಸೋರು ಇವರೇ ತಾನೇ?"

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾನೂನಿನ ಹತ್ತಿರ ಇತ್ತು. ಮೆಡಿಕೇರ್, ಮೆಡಿಕೇಡ್ ಅಂತ ಸರ್ಕಾರದ ದುಡ್ಡು ಪಡೆಯುವ ನರ್ಸಿಂಗ್ ಹೋಮ್‌ಗಳಿಗೆಲ್ಲ 1987ರ ಒಂದು ಕಾಯ್ದೆ ಅನ್ವಯಿಸುತ್ತದೆ. ಹೊಡೆಯಬಾರದು, ಬೈಯಬಾರದು, ನಿರ್ಲಕ್ಷ್ಯ ಮಾಡಬಾರದು. ಸಿಬ್ಬಂದಿಗೆ ಅನುಕೂಲ ಅಂತ ಕಟ್ಟಿಹಾಕುವುದಾಗಲಿ, ಮಂಪರು ಬರುವ ಮಾತ್ರೆ ಕೊಡುವುದಾಗಲಿ ಕೂಡದು. ದೂರು ಕೊಟ್ಟರು ಅಂತ ಸೇಡು ತೀರಿಸಿಕೊಳ್ಳುವ ಹಾಗೂ ಇಲ್ಲ. ಎದ್ದು ಹೋಗಿ ಅಂತ ರಾತ್ರೋರಾತ್ರಿ ಹೇಳುವಂತಿಲ್ಲ. ಸಾಮಾನ್ಯವಾಗಿ 30 ದಿನ ಮೊದಲು ಬರೆದು ಕೊಡಬೇಕು, ಅದರ ಮೇಲೆ ಮೇಲ್ಮನವಿಗೂ ಅವಕಾಶ ಉಂಟು.

ಓದಲು ಚೆನ್ನಾಗಿದೆ. ನಮಗೆ ಕೆಲಸಕ್ಕೆ ಬಂದಿದ್ದು ಮಾತ್ರ ಒಂದು ಸಣ್ಣ ನಿಯಮ. ತನ್ನ ದಾಖಲೆ ತೋರಿಸಿ ಅಂತ ಅಲ್ಲಿರುವವರು ಕೇಳಿದರೆ, ಶನಿವಾರ, ಭಾನುವಾರ, ರಜಾದಿನ ಬಿಟ್ಟು 24 ಗಂಟೆಯೊಳಗೆ ತೋರಿಸಬೇಕು. ದೊಡ್ಡಮ್ಮನ ಹೆಸರಲ್ಲಿ ಒಂದು ಚೀಟಿ ಬರೆದೆ, ಅವರು ಸಹಿ ಹಾಕಿದರು. ಮಗ್ಗುಲು ಬದಲಿಸಿದ ಪಟ್ಟಿ ಬಂತು. ಎರಡು ಗಂಟೆಗೊಮ್ಮೆ ಬದಲಿಸಿದ್ದೇವೆ ಅಂತ ಸಾಲಾಗಿ ಟಿಕ್. ಭಾನುವಾರ ಸಂಜೆ ನಾಲ್ಕಕ್ಕೂ ಒಂದು ಟಿಕ್ ಇತ್ತು. ಆವತ್ತು ಮೂರರಿಂದ ಐದರವರೆಗೆ ಅದೇ ಮಂಚದ ಪಕ್ಕ ನಾನೇ ಕೂತಿದ್ದೆ! ಒಬ್ಬರೂ ಒಳಗೆ ಬಂದಿರಲಿಲ್ಲ.

ಆಮೇಲೆ ಆಂಬುಡ್ಸ್‌ಮನ್‌ಗೆ ಫೋನ್ ಮಾಡಿದೆ. ನರ್ಸಿಂಗ್ ಹೋಮಲ್ಲಿ ಇರುವವರ ಪರವಾಗಿ ಮಾತಾಡಲು ಪ್ರತಿ ರಾಜ್ಯದಲ್ಲೂ ಈ ವ್ಯವಸ್ಥೆ ಇದೆ, ಪುಕ್ಕಟೆ. ನಮ್ಮ ಲೋಕಾಯುಕ್ತದ ಥರ ದಾಳಿ ಗೀಳಿ ಇಲ್ಲ. ತಪಾಸಣೆ, ದಂಡ ಎಲ್ಲ ಬೇರೆ ಇಲಾಖೆಗಳ ಕೆಲಸ. ಬಂದ ಹೆಂಗಸು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಫೋನಲ್ಲಿ ಕನ್ನಡದ ದುಭಾಷಿಯನ್ನು ಹಿಡಿದರು, ನನ್ನನ್ನು ಹೊರಗೆ ಕಳಿಸಿದರು. ದೊಡ್ಡಮ್ಮ ಒಪ್ಪದೆ ಅವರು ದೂರನ್ನು ಮುಂದೆ ಒಯ್ಯುವ ಹಾಗಿಲ್ಲವಂತೆ. ಸಿಟ್ಟು ಬಂತು. ಆದರೆ ಸರಿಯೇ ಅಲ್ವಾ? ಹಿಮ್ಮಡಿ ಅವರದ್ದು, ನನ್ನದಲ್ಲ. ಅರ್ಧ ಗಂಟೆ ಆದ ಮೇಲೆ ಬಾಗಿಲು ತೆಗೆದರು. ದೊಡ್ಡಮ್ಮ ಒಪ್ಪಿದ್ದರು.

ಕೋರ್ಟಿಗೂ ಹೋಗಬಹುದು. 2023ರ ಟಲೆವ್‌ಸ್ಕಿ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟು, ಸರ್ಕಾರಿ ಒಡೆತನದ ನರ್ಸಿಂಗ್ ಹೋಮ್ ಈ ಹಕ್ಕುಗಳನ್ನು ಮುರಿದರೆ ಅದರ ಮೇಲೆ ಫೆಡರಲ್, ಅಂದರೆ ಕೇಂದ್ರದ ಕಾನೂನಿನಡಿ ದಾವೆ ಹೂಡಬಹುದು ಅಂತ ತೀರ್ಪು ಕೊಟ್ಟಿತು. ಖಾಸಗಿಯವರ ಮೇಲಾದರೆ ರಾಜ್ಯದ ಕಾನೂನಿನಡಿ ಹೋಗಬೇಕು. ಇಲ್ಲೊಂದು ಹಳ್ಳವಿದೆ. ಸೇರಿಸುವ ದಿನದ ಗಡಿಬಿಡಿಯಲ್ಲಿ ಕೊಡುವ ಕಾಗದದ ಕಂತೆಯಲ್ಲಿ, ಮುಂದೆ ತಕರಾರು ಬಂದರೆ ಕೋರ್ಟಿಗೆ ಹೋಗುವುದಿಲ್ಲ ಅನ್ನುವ ಮಧ್ಯಸ್ಥಿಕೆ ಒಪ್ಪಂದವೂ ಇರಬಹುದು. ನಮ್ಮ ಕಂತೆಯಲ್ಲಿ ಇತ್ತು, ನಾವು ಸಹಿಯನ್ನೂ ಹಾಕಿದ್ದೆವು. ಅದಕ್ಕೆ ಸಹಿ ಹಾಕದಿದ್ದರೆ ಸೇರಿಸಿಕೊಳ್ಳುವುದಿಲ್ಲ ಅನ್ನುವ ಹಾಗಿಲ್ಲ, ಹಾಕಿದ್ದರೂ 30 ದಿನದೊಳಗೆ ವಾಪಸು ಪಡೆಯಬಹುದು. 26ನೇ ದಿನ ವಾಪಸು ಪಡೆದೆವು.

ಮುಂದಿನ ಶನಿವಾರ ಹೋದಾಗ ಬೆಲ್ಲನ್ನು ದಿಂಬಿನ ಚೀಲಕ್ಕೆ ಕ್ಲಿಪ್ ಹಾಕಿ ಸಿಕ್ಕಿಸಿದ್ದರು. ಹಿಮ್ಮಡಿ ಕೆಳಗೆ ಮೆತ್ತನೆ ದಿಂಬು. ದೊಡ್ಡಮ್ಮ ನಾನು ಕೂರುವ ಮೊದಲೇ ಬೆಲ್ ಒತ್ತಿದರು.

"ಏನು ಬೇಕಿತ್ತು ದೊಡ್ಡಮ್ಮ?"

"ಏನೂ ಇಲ್ಲ. ಬರ್ತಾರೋ ಇಲ್ವೋ ನೋಡೋಣ ಅಂತ."