ಟೀಚರ್ ಓಡಾಡಿದ ರಸ್ತೆಗೆ ಟೀಚರ್ ಹೆಸರು

ಚಿಕ್ಕಮಗಳೂರು
2025 ನವೆಂಬರ್ 16, ಭಾನುವಾರ

ಇವತ್ತು ಬೆಳಗ್ಗೆ ಅಂಗನವಾಡಿ ಮುಂದೆ ಬೀದಿಯವರೆಲ್ಲ ಸೇರಿದ್ದೆವು. ನೀರಿನ ಟ್ಯಾಂಕಿನಿಂದ ಅಂಗನವಾಡಿವರೆಗಿನ ರಸ್ತೆಗೆ ನಮ್ಮ ಅಂಗನವಾಡಿ ಟೀಚರ್ ಹೆಸರಿಡಬೇಕು ಅಂತ ನಗರಸಭೆಗೆ ಮನವಿ ಕೊಡುವ ವಿಚಾರ. ಕಾಫಿ ಕೊಯ್ಲು ಶುರುವಾಗಿದೆ, ಭಾನುವಾರವೂ ಕೆಲವರು ತೋಟಕ್ಕೆ ಹೋಗುತ್ತಾರೆ, ಜನ ಬರುತ್ತಾರೋ ಇಲ್ಲವೋ ಅನ್ನಿಸಿತ್ತು. ಹಾಕಿದ ಕುರ್ಚಿ ಸಾಲದೆ ಪಕ್ಕದ ಮನೆಯಿಂದ ಬೆಂಚು ತರಿಸಬೇಕಾಯಿತು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಿರ್ಣಯ ಆಗುವ ತನಕ ಎಲ್ಲೂ ಹಾಕಬೇಡಿ ಎಂದು ಅವರ ಮಗಳು ಕೇಳಿಕೊಂಡಿದ್ದಾರೆ. ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಇಲ್ಲ. ಮೂರು ವರ್ಷದ ಮಗುವಿಗೂ ಟೀಚರ್, ಆ ಮಗುವಿನ ಅಜ್ಜನಿಗೂ ಟೀಚರ್. ಹೋದ ವರ್ಷ ತೀರಿಕೊಂಡರು. ಯಾವ ಚುನಾವಣೆಗೂ ನಿಂತವರಲ್ಲ. ನಗರಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಮೀಸಲಾತಿ ಕೊಟ್ಟ ಸಂವಿಧಾನ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದ ಮೇಲೆ, ನಿಲ್ಲಿ ನಿಲ್ಲಿ ಎಂದು ಎಷ್ಟೋ ಜನ ಒತ್ತಾಯ ಮಾಡಿದ್ದರಂತೆ. ಮಕ್ಕಳನ್ನು ಬಿಟ್ಟು ಬರಲ್ಲ ಅಂದರಂತೆ. ಆದರೂ ನಮ್ಮ ಬೀದಿಗೆ ನಾಯಕಿ ಅಂತ ಯಾರಾದರೂ ಇದ್ದರೆ ಅದು ಅವರೇ.

ಅವರು ಮಾಡಿದ್ದನ್ನೆಲ್ಲ ಮನವಿಯಲ್ಲಿ ಬರೆಯಿರಿ ಎಂದು ನನಗೆ ಹೇಳಿದ್ದರು. ನಿನ್ನೆ ರಾತ್ರಿ ಕೂತು ಬರೆದೆ. ಬರೆಯುವಾಗ ಮೊದಲು ಕಣ್ಣ ಮುಂದೆ ಬಂದದ್ದು ಪೋಲಿಯೋ ಭಾನುವಾರಗಳು. ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ಭಾನುವಾರ ಬೂತಿನಲ್ಲಿ ಹನಿ ಹಾಕುತ್ತಿದ್ದರು. ಮಾರನೇ ದಿನದಿಂದ ಮನೆ ಮನೆಗೆ ಹೋಗುತ್ತಿದ್ದರು. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಗೋಡೆಗೆ ಸೀಮೆಸುಣ್ಣದಲ್ಲಿ 'ಪಿ' ಎಂದು ಬರೆಯುವುದು, ಯಾವುದಾದರೂ ಮಗು ತಪ್ಪಿಹೋಗಿದ್ದರೆ 'ಎಕ್ಸ್'. ಟೀಚರ್‌ಗೆ ಆ ಎಕ್ಸ್ ಕಂಡರೆ ಆಗುತ್ತಿರಲಿಲ್ಲ. ಮಗು ಅಜ್ಜಿ ಮನೆಗೆ ಹೋಗಿದೆ ಅಂದರೆ ಯಾವ ಊರು, ಯಾವತ್ತು ಬರುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಹನಿ ಬೇಡ, ಜ್ವರ ಬರುತ್ತದೆ ಎಂದವರ ಮನೆ ಜಗಲಿ ಮೇಲೆ ಕೂತೇಬಿಡುತ್ತಿದ್ದರು. ಬಯ್ಯುತ್ತಿರಲಿಲ್ಲ. ಕಾಫಿ ಕೊಟ್ಟರೆ ಕುಡಿದು, ಮನೆಯವರ ಕಷ್ಟಸುಖ ಎಲ್ಲ ಕೇಳಿ, ಕೊನೆಗೆ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಎರಡು ಹನಿ ಹಾಕಿಯೇ ಏಳುತ್ತಿದ್ದರು. ಹೊರಗೆ ಬಂದು ಸೆರಗಿನಿಂದ ಎಕ್ಸ್ ಒರೆಸಿ ಪಿ ಬರೆಯುವುದನ್ನು ನಾನೇ ನೋಡಿದ್ದೇನೆ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋ ಮುಕ್ತ ಎಂದು ಪ್ರಮಾಣಪತ್ರ ಸಿಕ್ಕಿತು. ಅದರಲ್ಲಿ ನಮ್ಮ ಟೀಚರ್ ಸೆರಗಿನ ಪಾಲೂ ಇದೆ ಎಂದು ನಾನು ಮನಸಾರೆ ನಂಬುತ್ತೇನೆ.

ಇನ್ನು ಮೋರಿ (ಕಿರುಸೇತುವೆ) ವಿಷಯ. ಇದನ್ನು ಸ್ವಲ್ಪ ವಿವರವಾಗಿ ಬರೆಯಲೇಬೇಕು, ಯಾಕೆಂದರೆ ಈ ರಸ್ತೆಗೇ ಹೆಸರಿಡಬೇಕು ಎನ್ನುವುದಕ್ಕೆ ಇದೇ ಕಾರಣ. ಮೊದಲು ಟ್ಯಾಂಕಿನ ಹತ್ತಿರ ರಸ್ತೆಗೆ ಅಡ್ಡಲಾಗಿ ಒಂದು ಹಳ್ಳದಂಥ ಕಾಲುವೆ ಹರಿಯುತ್ತಿತ್ತು. ದಾಟಲು ಎರಡು ಕಲ್ಲು ಚಪ್ಪಡಿ, ಅಷ್ಟೇ. ನಮ್ಮೂರ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಆಗಸ್ಟ್‌ವರೆಗೂ ಬಿಡುವುದಿಲ್ಲ. ಚಪ್ಪಡಿ ಮೇಲೆ ನೀರು ಹರಿಯತೊಡಗಿದರೆ ಆ ಕಡೆಯ ಮಕ್ಕಳು ಅಂಗನವಾಡಿಗೆ ಬರುತ್ತಿರಲಿಲ್ಲ. ಬರದಿದ್ದರೆ ಆ ಮಕ್ಕಳಿಗೆ ಆಟಪಾಠ ಮಾತ್ರವಲ್ಲ, ಊಟವೂ ಇಲ್ಲ. ಅಂಗನವಾಡಿಯಲ್ಲಿ ವರ್ಷಕ್ಕೆ 300 ದಿನ, ದಿನಕ್ಕೆ 500 ಕ್ಯಾಲೊರಿಯ ಆಹಾರ ಕೊಡಬೇಕು ಎಂಬ ಲೆಕ್ಕ ಇದೆ. ಮಳೆಗಾಲದಲ್ಲೇ ಕೂಲಿ ಕಡಿಮೆ, ಮನೆಯಲ್ಲಿ ಊಟಕ್ಕೂ ಕಷ್ಟ. ಮಗುವಿಗೆ ಆ ಊಟ ಅತಿ ಹೆಚ್ಚು ಬೇಕಾದ ತಿಂಗಳಲ್ಲೇ ಅದು ತಪ್ಪುತ್ತಿತ್ತು.

ಮೋರಿ ಕಟ್ಟಿಸಿಕೊಡಿ ಅಂತ ಬೀದಿಯವರು ಎಷ್ಟೋ ಸಲ ಅರ್ಜಿ ಕೊಟ್ಟಿದ್ದರು. ಏನೂ ಆಗಿರಲಿಲ್ಲ. ಟೀಚರ್ ಮಾಡಿದ್ದು ಬೇರೆ. ಹಾಜರಿ ಪುಸ್ತಕ ಮತ್ತು ಮಕ್ಕಳ ತೂಕದ ಚಾರ್ಟ್ (ಹಸಿರು ಪಟ್ಟೆ ಅಂದರೆ ತೂಕ ಸರಿ, ಹಳದಿ ಅಂದರೆ ಕಡಿಮೆ) ಎರಡನ್ನೂ ಚೀಲದಲ್ಲಿ ಹಾಕಿಕೊಂಡು, ಸ್ತ್ರೀಶಕ್ತಿ ಸಂಘದ ಹೆಂಗಸರನ್ನು ಕರೆದುಕೊಂಡು ಅಧಿಕಾರಿಯ ಮುಂದೆ ಹೋಗಿ ಕೂತರು. ಮೇ ತಿಂಗಳ ಹಾಜರಿ ಇದು, ಜುಲೈದು ಇದು ನೋಡಿ ಸರ್. ಈ ಮಗು ಏಪ್ರಿಲ್‌ನಲ್ಲಿ ಹಸಿರು ಪಟ್ಟೆಯಲ್ಲಿತ್ತು, ಈಗ ಹಳದಿಗೆ ಇಳಿದಿದೆ. ಇದೂ ಅಷ್ಟೇ. ಇದೂ ಅಷ್ಟೇ. ಒಂದೊಂದೇ ಚಾರ್ಟ್ ಮೇಜಿನ ಮೇಲೆ ಇಡುತ್ತಾ ಹೋದರಂತೆ. ಜೊತೆಗೆ ಹೋಗಿದ್ದ ಅಕ್ಕ ಇವತ್ತು ಸಭೆಯಲ್ಲಿ ಇದನ್ನು ಹೇಳುವಾಗ ಅವರ ದನಿ ನಡುಗುತ್ತಿತ್ತು. ಮುಂದಿನ ಮಳೆಗಾಲದ ಹೊತ್ತಿಗೆ ಮೋರಿ ಆಯಿತು. ಇವತ್ತಿಗೂ ಗಟ್ಟಿಯಾಗಿದೆ. ಶಾಲೆ ವ್ಯಾನು ಅದರ ಮೇಲೇ ಹೋಗುತ್ತದೆ.

ಹಾಗಾಗಿ ಇವತ್ತು ಒಬ್ಬ ಹಿರಿಯರು, ಪುಟ್ಟ ರಸ್ತೆ ಯಾಕೆ, ಕೆ.ಎಂ. (ಕಡೂರು-ಮಂಗಳೂರು) ರಸ್ತೆಗೆ ಸೇರುವ ದೊಡ್ಡ ರಸ್ತೆಗೇ ಇಡೋಣ, ಟೀಚರ್‌ಗೆ ತಕ್ಕ ಗೌರವ ಆಗುತ್ತದೆ ಎಂದಾಗ ನನಗೆ ಒಪ್ಪಿಗೆಯಾಗಲಿಲ್ಲ. ಅವರ ಪ್ರೀತಿ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ನಾನು ಉತ್ತರ ಕೊಡುವ ಮೊದಲೇ ಹೂ ಮಾರುವ ಅಜ್ಜಿ ಎದ್ದು ನಿಂತರು. "ಟೀಚರು ದಿನಾ ಓಡಾಡಿದ್ದು ಈ ರಸ್ತೆಲಿ ಕಣಪ್ಪಾ. ಆ ದೊಡ್ ರಸ್ತೆಲಿ ಬಸ್ಸಿಗೆ ಕಾದಿದ್ದು ಅಷ್ಟೇಯ" ಅಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು. ಯಾರ ಕೆಲಸ ಎಲ್ಲಿ ಆಗಿದೆಯೋ ಅವರ ಹೆಸರು ಅಲ್ಲೇ ಇರಬೇಕು. ದೊಡ್ಡ ರಸ್ತೆಯಲ್ಲಿ ಹೋಗುವವರಿಗೆ ಅದು ಬರೀ ಬೋರ್ಡು. ಇಲ್ಲಿ ಮೋರಿ ದಾಟುವವರಿಗೆ ಆ ಮೋರಿ ಯಾಕೆ ಬಂತು ಎಂದು ಗೊತ್ತಾಗುತ್ತದೆ.

ರಸ್ತೆ ತುದಿಯಲ್ಲಿ ಒಂದು ಪುತ್ಥಳಿಯನ್ನೂ ಇಡೋಣ ಎಂದು ಹುಡುಗರು ಆಸೆಪಟ್ಟರು. ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಹೇಳಿದೆ. ಅದನ್ನು ತಿಳಿಸಿದೆ. ಆ ದುಡ್ಡಿನಲ್ಲಿ ಅಂಗನವಾಡಿಗೆ ಹೊಸ ತೂಕದ ಯಂತ್ರ ಮತ್ತು ಆಟದ ಸಾಮಾನು ಕೊಡಿಸೋಣ ಎಂದು ಅವರೇ ಒಪ್ಪಿಕೊಂಡರು. ಒಳ್ಳೆ ಹುಡುಗರು.

ಕಿರಾಣಿ ಅಂಗಡಿಯವರಿಗೆ ವಿಳಾಸದ ಚಿಂತೆ. ಆಧಾರ್, ಕರೆಂಟ್ ಬಿಲ್, ಅಂಗಡಿ ಲೈಸೆನ್ಸ್ ಎಲ್ಲ ಮತ್ತೆ ಬದಲಾಯಿಸಬೇಕಾ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕ್ರಾಸ್ ನಂಬರು, ಮನೆ ನಂಬರು ಹಾಗೇ ಉಳಿಯಲಿ, ಜೊತೆಗೆ ಹೆಸರು ಸೇರಲಿ ಎಂದು ಮನವಿಯಲ್ಲೇ ಬರೆದೆವು. ಅವರು ಸಹಿ ಹಾಕಿದರು.

ಬೋರ್ಡಿನ ಮೇಲೆ ಏನಿರಬೇಕು ಎನ್ನುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ನಮ್ಮೂರಲ್ಲಿ ಹೆಣ್ಣುಮಗಳ ಹೆಸರಿನ ರಸ್ತೆ ಎಂದರೆ ಥಟ್ಟನೆ ನೆನಪಾಗುವುದು ಐ.ಜಿ. ರಸ್ತೆ, ಅಂದರೆ ಇಂದಿರಾ ಗಾಂಧಿ ರಸ್ತೆ. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನ ಉಪಚುನಾವಣೆ ಗೆದ್ದು ಲೋಕಸಭೆಗೆ ಹೋದರು. ಈಗ ಆಟೋ ಹತ್ತುವವರು ಐ.ಜಿ. ರಸ್ತೆ ಎನ್ನುತ್ತಾರೆ, ಎಂ.ಜಿ. ರಸ್ತೆ ಎನ್ನುತ್ತಾರೆ. ಅಷ್ಟು ದೊಡ್ಡ ಹೆಸರುಗಳೇ ಎರಡಕ್ಷರಕ್ಕೆ ಇಳಿದ ಮೇಲೆ ನಮ್ಮ ಟೀಚರ್ ಹೆಸರು ಉಳಿದೀತೇ? ಅದಕ್ಕೆ ಇನಿಷಿಯಲ್ ಬೇಡವೇ ಬೇಡ, 'ಅಂಗನವಾಡಿ ಟೀಚರ್' ಎನ್ನುವುದು ಹೆಸರಿನ ಮುಂದೆ ದೊಡ್ಡ ಅಕ್ಷರದಲ್ಲಿ ಇರಬೇಕು ಎಂದು ನಾನು ಹಟ ಹಿಡಿದೆ.

ಹಟಕ್ಕೆ ಇನ್ನೊಂದು ಕಾರಣವೂ ಇದೆ. ಅಂಗನವಾಡಿಗಳನ್ನು ನಡೆಸುವ ಐ.ಸಿ.ಡಿ.ಎಸ್. ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾಯಿತು, ನಮ್ಮ ರಾಜ್ಯದಲ್ಲಿ ಟಿ. ನರಸೀಪುರದಲ್ಲಿ. ಈಗ 50 ವರ್ಷ ತುಂಬಿದೆ. ಇಷ್ಟು ವರ್ಷವಾದರೂ ಅಂಗನವಾಡಿ ಕಾರ್ಯಕರ್ತೆಯರಿಗೆ ಬರುವುದು ಸಂಬಳ ಅಲ್ಲ, ಗೌರವಧನ. ಅವರೂ ಗ್ರ್ಯಾಚುಟಿಗೆ ಅರ್ಹರು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ನಮ್ಮ ಟೀಚರ್ ಅಷ್ಟು ಹೊತ್ತಿಗೆ 60 ತುಂಬಿ ಮನೆಗೆ ಹೋಗಿದ್ದರು. ಬೀಳ್ಕೊಡುಗೆಗೆ ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ನಿವೃತ್ತಿಯಾದ ಮೇಲೂ ಸಂಧ್ಯಾ ಸುರಕ್ಷಾ ಪಿಂಚಣಿ ಅರ್ಜಿ ತುಂಬಿಸಿಕೊಳ್ಳಲು ಬೀದಿಯ ಮುದುಕರು ಅವರ ಮನೆ ಬಾಗಿಲಿಗೇ ಹೋಗುತ್ತಿದ್ದರು. ಇಂಥ ಕೆಲಸ ಮಾಡುವ ಹೆಂಗಸರು ಪ್ರತಿ ಊರಲ್ಲೂ ಇದ್ದಾರೆ. ಅವರ ಕೆಲಸದ ಹೆಸರು ರಸ್ತೆಯ ಬೋರ್ಡಿನಲ್ಲಿ ಬರಲಿ ಎನ್ನುವುದು ನನ್ನ ದೊಡ್ಡ ಆಸೆ.

ಅವರ ಮಗಳು ಕೊನೆಯಲ್ಲಿ ಮಾತಾಡಿದರು. "ಅಮ್ಮ ಇದ್ದಿದ್ದರೆ ಬೇಡ ಅಂತಿದ್ದರು. ಆದರೆ ನೀವೆಲ್ಲ ಕೇಳ್ತಿದ್ದೀರಿ, ನಾನು ಬೇಡ ಅನ್ನಲ್ಲ" ಎಂದರು. ಹಾಜರಿ ಪುಸ್ತಕದ ಹಳೆಯ ಒಂದು ಫೋಟೊ ಇದೆಯಂತೆ, ಮನವಿಗೆ ಲಗತ್ತಿಸಲು ಕಳಿಸುತ್ತಾರೆ.

ಮುಂದಿನ ದಾರಿಯನ್ನು ವಾರ್ಡ್ ಸದಸ್ಯರು ವಿವರಿಸಿದರು. ಮನವಿ ಸಾಮಾನ್ಯ ಸಭೆಯ ಮುಂದೆ ಬರಬೇಕು, ಸಾರ್ವಜನಿಕರಿಂದ ಆಕ್ಷೇಪಣೆ ಕರೆಯಬೇಕು, ಆಮೇಲೆ ಅಂತಿಮ ನಿರ್ಣಯ. ಸಮಯ ಹಿಡಿಯುತ್ತದೆ ಎಂದರು. ಹಿಡಿಯಲಿ.

ನಾಳೆ ಸೋಮವಾರ. ಬೆಳಗ್ಗೆ ಸಹಿ ಹಾಳೆಗಳ ಜೆರಾಕ್ಸ್ ಮಾಡಿಸಿ, ಮೂಲ ಪ್ರತಿ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬರಬೇಕು. ಆ ಅಂಗನವಾಡಿಯಲ್ಲಿ ಕಲಿತು ಈಗ ಬೆಂಗಳೂರು, ಮಂಗಳೂರು ಎಂದು ದೂರ ಇರುವವರು ಟೀಚರ್ ಬಗ್ಗೆ ಒಂದು ಪುಟವಾದರೂ ಕೈಯಲ್ಲಿ ಬರೆದು ಮನೆಗೆ ಕಳಿಸಿಕೊಡಿ. ಎಲ್ಲವನ್ನೂ ಒಂದು ಫೈಲ್ ಮಾಡಿ ಮನವಿ ಜೊತೆಗೆ ಸೇರಿಸುತ್ತೇವೆ.